ಎಲಾಸ್ಟೋಗ್ರಫಿ: ಆಟೊಇಮ್ಯೂನ್ ಥೈರಾಯ್ಡ್ ರೋಗದಲ್ಲಿ

ಅಂಗಾಂಶ ಎಷ್ಟು ಗಡುಸಾಗಿದೆ ಎಂಬುದನ್ನು ಅಲ್ಟ್ರಾಸೌಂಡ್‌ನಿಂದ ಅಳೆದು ಚಿತ್ರವಾಗಿ ತೋರಿಸುವ ವಿಧಾನವೇ ಎಲಾಸ್ಟೋಗ್ರಫಿ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಹಶಿಮೊಟೊ ಮತ್ತು ಗ್ರೇವ್ಸ್ ರೋಗಗಳಿಗೆ ಇದು ತಡವಾಗಿ, ಅದೂ ಬಳಸುದಾರಿಯಲ್ಲಿ ಬಂತು.

ಗ್ರಂಥಿಯ ಗಡಸುತನ ವೈದ್ಯರ ಬೆರಳಿಗೆ ಮೊದಲೇ ಗೊತ್ತಿತ್ತು. ಜರ್ಮನಿಯ ಶಸ್ತ್ರವೈದ್ಯ ಬರ್ನ್‌ಹಾರ್ಡ್ ರೀಡೆಲ್ 1896ರಲ್ಲಿ ಕಬ್ಬಿಣದಷ್ಟು ಗಟ್ಟಿಯಾದ ಗಳಗಂಡವನ್ನು ವರ್ಣಿಸಿದ. ಜಪಾನಿನ ಫುಕುವೊಕಾದಲ್ಲಿದ್ದ ಹಕಾರು ಹಶಿಮೊಟೊ 1912ರಲ್ಲಿ ನಾಲ್ವರು ಮಹಿಳೆಯರ ಗ್ರಂಥಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಲಿಂಫೋಸೈಟ್‌ ಎಂಬ ಬಿಳಿ ರಕ್ತಕಣಗಳು ಕಿಕ್ಕಿರಿದದ್ದನ್ನೂ ನಾರು ಬೆಳೆದದ್ದನ್ನೂ ಜರ್ಮನ್ ಪತ್ರಿಕೆಯೊಂದರಲ್ಲಿ ದಾಖಲಿಸಿದ. ಗ್ರಂಥಿ ಬಿಗಿಯುವುದು ಈ ಬದಲಾವಣೆಗಳಿಂದಲೇ. 1956ರಲ್ಲಿ ಲಂಡನ್ನಿನ ರಾಯ್ಟ್, ಡೋನಿಯಾಕ್ ಮತ್ತು ಸಂಗಡಿಗರು ಹಶಿಮೊಟೊ ರೋಗಿಗಳ ರಕ್ತದಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಪತ್ತೆಹಚ್ಚಿದರು. ಆಮೇಲೆ ರಕ್ತಪರೀಕ್ಷೆಗೆ ಮೊದಲ ಮಣೆ.

ಬೆರಳಿಗೆ ಗೊತ್ತಿದ್ದ ಗಡಸುತನವನ್ನು ಅಲ್ಟ್ರಾಸೌಂಡ್ ಅಳೆಯತೊಡಗಿದ್ದು ಆಮೇಲೆ. 1991ರಲ್ಲಿ ಹ್ಯೂಸ್ಟನ್ನಿನ ಜೊನಾಥನ್ ಒಫಿರ್ ಮತ್ತು ಸಂಗಡಿಗರು ಅಂಗಾಂಶವನ್ನು ಮೆಲ್ಲಗೆ ಅದುಮಿ, ಅದುಮುವ ಮೊದಲಿನ ಹಾಗೂ ನಂತರದ ಪ್ರತಿಧ್ವನಿಗಳನ್ನು ಹೋಲಿಸಿ, ಯಾವ ಭಾಗ ಎಷ್ಟು ಕುಗ್ಗಿತೆಂದು ಲೆಕ್ಕಹಾಕಿದರು. ಎಲಾಸ್ಟೋಗ್ರಫಿ ಎಂಬ ಹೆಸರು ನೆಲೆಯೂರಿದ್ದು ಆ ಪ್ರಬಂಧದಿಂದ. ಥೈರಾಯ್ಡ್‌ನಲ್ಲಿ ಈ ತಂತ್ರ ಗಮನ ಸೆಳೆದದ್ದು 2005ರ ಸುಮಾರಿಗೆ, ಗಂಟುಗಳಲ್ಲಿ ಕ್ಯಾನ್ಸರ್ ಗುರುತಿಸುವ ಕೆಲಸಕ್ಕೆ. ಆ ಕೆಲಸದಲ್ಲಿ ಹಶಿಮೊಟೊ ರೋಗ ಬರಿಯ ತೊಡಕು. ಅದುಮಿ ನೋಡುವ ವಿಧಾನ ಹೇಳುವುದು ಅಕ್ಕಪಕ್ಕದ ಭಾಗಕ್ಕಿಂತ ಇದು ಗಟ್ಟಿಯೇ ಎಂದಷ್ಟೇ. ಸುತ್ತಲಿನ ಗ್ರಂಥಿಯೇ ಬಿಗಿದಿದ್ದರೆ ಗಂಟು ಎದ್ದು ಕಾಣುವುದಿಲ್ಲ. ಇಡೀ ಗ್ರಂಥಿಗೆ ರೋಗ ಹರಡಿದ್ದರೆ ಹೋಲಿಸಲು ಆರೋಗ್ಯವಾದ ತುಣುಕೂ ಸಿಗದು. ಕುತ್ತಿಗೆಯ ಸ್ನಾಯುವನ್ನು ಅಳತೆಗೋಲಾಗಿ ಬಳಸಿದವರಿದ್ದಾರೆ, ಆದರೆ ಅದು ಹೊಂದಾಣಿಕೆಯ ಉಪಾಯ.

ಷಿಯರ್ ಅಲೆಗಳ ತಂತ್ರ ಈ ಬಿಕ್ಕಟ್ಟನ್ನು ಬಿಡಿಸಿತು. ಒಂದೆಡೆ ಕೇಂದ್ರೀಕರಿಸಿದ ಅಲ್ಟ್ರಾಸೌಂಡ್ ಅಂಗಾಂಶವನ್ನು ಕ್ಷಣಕಾಲ ತಳ್ಳುತ್ತದೆ. ಅಲ್ಲಿಂದ ಅಡ್ಡಡ್ಡಲಾಗಿ ಅಲೆ ಹೊರಡುತ್ತದೆ. ಶಬ್ದ ದೇಹದೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ಸಾಗಿದರೆ ಈ ಅಲೆಯದು ಕೆಲವೇ ಮೀಟರ್. ಅಂಗಾಂಶ ಗಟ್ಟಿಯಾದಷ್ಟೂ ಅಲೆಗೆ ವೇಗ ಹೆಚ್ಚು. ಆ ವೇಗದ ವರ್ಗವನ್ನು ಸಾಂದ್ರತೆಯಿಂದಲೂ ಮೂರರಿಂದಲೂ ಗುಣಿಸಿದರೆ ಗಡಸುತನ ಕಿಲೋಪ್ಯಾಸ್ಕಲ್‌ಗಳಲ್ಲಿ ಸಿಗುತ್ತದೆ, ಪಕ್ಕದ ಅಂಗಾಂಶದ ಹಂಗಿಲ್ಲ. ಪ್ಯಾರಿಸ್ಸಿನ ಮಥಿಯಾಸ್ ಫಿಂಕ್ ತಂಡ 2004ರಲ್ಲಿ ಅಲೆಯ ಓಟವನ್ನು ಅತಿವೇಗದ ಚಿತ್ರಣದಲ್ಲಿ ಹಿಡಿಯುವ ವಿಧಾನವನ್ನು ಪ್ರಕಟಿಸಿತು.

2012ರ ಹೊತ್ತಿಗೆ ರುಮೇನಿಯಾದ ತಿಮಿಶೋರಾದ ವೈದ್ಯರು ಗ್ರಂಥಿಯಿಡೀ ಹರಡಿದ ಥೈರಾಯ್ಡ್ ರೋಗದಲ್ಲಿ ಅಲೆಯ ವೇಗ ಆರೋಗ್ಯವಂತರಿಗಿಂತ ಹೆಚ್ಚೆಂದು ವರದಿ ಮಾಡಿದರು. ಆದರೆ ಗ್ರೇವ್ಸ್ ಮತ್ತು ಹಶಿಮೊಟೊ ರೋಗಗಳ ಅಂಕಿಗಳು ಒಂದರೊಳಗೊಂದು ಬೆರೆಯುವುದರಿಂದ ಎರಡನ್ನೂ ಇದೊಂದರಿಂದಲೇ ಬೇರ್ಪಡಿಸುವುದು ಕಷ್ಟ. ಪಕ್ಕದ ಕ್ಯಾರೊಟಿಡ್ ನಾಡಿಯ ಬಡಿತ ಅಲೆಯ ಲೆಕ್ಕ ತಪ್ಪಿಸುತ್ತದೆ, ಕುತ್ತಿಗೆಗೆ ಹಿಡಿಯುವ ಅಲ್ಟ್ರಾಸೌಂಡ್ ಪ್ರೋಬ್ ಒತ್ತಿ ಹಿಡಿದರೆ ಮೆದು ಗ್ರಂಥಿಯೂ ಗಟ್ಟಿಯೆನಿಸುತ್ತದೆ, ಒಂದು ಕಂಪನಿಯ ಯಂತ್ರದ ಅಂಕಿ ಇನ್ನೊಂದರದಕ್ಕೆ ಹೊಂದುವುದಿಲ್ಲ. ಹಾಗಾಗಿ ರಕ್ತದಲ್ಲಿನ ಟಿಎಸ್ಎಚ್ ಹಾರ್ಮೋನಿನ ಮಟ್ಟ, ಪ್ರತಿಕಾಯ ಪರೀಕ್ಷೆ ಮತ್ತು ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲಿ ಕಪ್ಪಾಗಿ ಕಾಣುವ ಗ್ರಂಥಿ, ಇವುಗಳ ಮೇಲೆಯೇ ರೋಗನಿರ್ಣಯ ನಿಂತಿದೆ. ಗಡಸುತನದ ಅಂಕಿ ಅವುಗಳ ಜೊತೆಗಿಟ್ಟು ಓದಬೇಕಾದದ್ದು.