ಆಯಿಯ ಎಡಗೈ: ಮುರಿದದ್ದು ಎಲುಬು, ಹೋದದ್ದು ಬೆರಳು

ಈ ಸಲದ ಕಂತು ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ಯುದ್ಧ ಒಂದೆರಡು ಕಡೆ ಬರ್ತದೆ, ಆದ್ರೆ ಕಥೆ ಒಂದು ಕೈಯದ್ದು. ನಮ್ಮ ಆಯಿಯ ಎಡಗೈ.

ಗರಗ ಅಂದ್ರೆ ನಿಮ್ಮಲ್ಲಿ ಕೆಲವರಿಗೆ ಮಡಿವಾಳೇಶ್ವರ ಮಠ ನೆನಪಾಗಬಹುದು. ಉಳಿದವರಿಗೆ ಖಾದಿ. ಧಾರವಾಡ ತಾಲೂಕಿನ ಈ ಊರಿನ ಮಗ್ಗದಲ್ಲಿ ನೇಯ್ದ ಬಟ್ಟೆ ರಾಷ್ಟ್ರಧ್ವಜ ಆಗ್ತದೆ ಅಂತ ಪ್ರತಿ ಆಗಸ್ಟ್ ತಿಂಗಳು ಪೇಪರಿನವರು ಬರೀತಾರೆ, ಟಿವಿಯವರು ಬರ್ತಾರೆ. ನಮ್ಮ ಓಣಿಯಲ್ಲಿ ನೂಲದ ಹೆಣ್ಮಕ್ಕಳು ಕಡಿಮೆ. ಆಯಿಯ ಅಕ್ಕ ನೂಲಿದಳು, ತಂಗಿ ನೂಲಿದಳು, ಕೈಯಲ್ಲಿ ತಮ್ಮದೇ ಅಂತ ನಾಲ್ಕು ದುಡ್ಡು ಇಟ್ಟುಕೊಂಡರು. ಆಯಿ ನೂಲಲಿಲ್ಲ. ಹಳೇ ಚರಕದಲ್ಲಿ ಬಲಗೈ ಗಾಲಿ ತಿರುಗಿಸ್ತದೆ, ಎಡಗೈ ನೂಲು ಎಳೀತದೆ. ಆಯಿಯ ಎಡಗೈ ಹಕ್ಕಿ ಕಾಲಿನ ಹಂಗೆ ಒಳಕ್ಕೆ ಮಡಚಿಕೊಂಡಿದೆ. ಮಣಿಕಟ್ಟು ಬಾಗಿದೆ, ಬೆರಳು ಬಿಚ್ಚೋದಿಲ್ಲ. ರೊಟ್ಟಿ ಬಡಿಯುವಾಗ ಬಲಗೈಯಿಂದ ಬಡಿದು, ಎಡಗೈಯ ಬೆನ್ನಿನಿಂದ ತಿರುಗಿಸ್ತಾಳೆ. ಸಣ್ಣವನಿದ್ದಾಗ ನನಗೆ ಅದೇ ರೊಟ್ಟಿ ಮಾಡುವ ಪದ್ಧತಿ ಅನ್ನಿಸಿತ್ತು.

ಆಯಿಗೆ ಆಗ ಒಂಬತ್ತೋ ಹತ್ತೋ ವರ್ಷ. ಲೆಕ್ಕ ಹಾಕಿದ್ರೆ 1957ರ ಆಸುಪಾಸು. ವೈಶಾಖದ ಬಿಸಿಲು, ಮಾವಿನ ಕಾಯಿ ಹರಿಯೋ ಹೊತ್ತು. ಗಿಡ ಹತ್ತಿದ್ದಾಳೆ, ಟೊಂಗೆ ಮುರಿದಿದೆ, ಕೈ ಊರಿ ಬಿದ್ದಿದ್ದಾಳೆ. ಮೊಣಕೈ ಮೇಲ್ಭಾಗ ಊದಿಕೊಂಡಿತು. ಮನೆಯವರು ಎತ್ತಿನ ಗಾಡಿಯಲ್ಲಿ ಬೇರೊಂದು ಊರಿನ ಎಲುಬು ಕಟ್ಟುವವರ ಹತ್ತಿರ ಒಯ್ದರು. ಅವರು ಎಳೆದು ಕೂಡಿಸಿ, ತತ್ತಿಯ ಲೋಳೆಯಲ್ಲಿ ಏನೋ ಪುಡಿ ಕಲಸಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಅರಿವಿಯಿಂದ ಬಿಗಿಯಾಗಿ ಕಟ್ಟಿದರು. (ಮನೆಯಲ್ಲಿ ತತ್ತಿ ಮುಟ್ಟದ ಮಂದಿ ಮಗಳ ಕೈಗೆ ತತ್ತಿ ಹಚ್ಚಿಸಿಕೊಂಡು ಬಂದರು. ಆಯಿ ಇದನ್ನ ಹೇಳಿ ಈಗಲೂ ನಗ್ತಾಳೆ.)

ಮುಂದಿನದನ್ನ ಅವಳ ಮಾತಲ್ಲೇ ಕೇಳ್ರಿ. "ಮೊದಲ ರಾತ್ರಿ ಚೀರಿ ಚೀರಿ ಅತ್ತೆ ತಮ್ಮಾ. ಬಟ್ಟು ದಪ್ಪ ಆದ್ವು, ನೀಲಿ ಆದ್ವು. ಬಿಚ್ಚಬಾರದು, ಎಲುಬು ಸರೀತದ ಅಂದಿದ್ರು, ಯಾರೂ ಬಿಚ್ಚಲಿಲ್ಲ. ಮೂರನೇ ದಿನ ನೋವು ತಾನಾಗೇ ಹೋತು. ಆರಾಮಾತು ಅಂತ ನಮ್ಮಪ್ಪ ಮಠಕ್ಕ ಕಾಯಿ ಒಡಿಸಿ ಬಂದ."

ನೋವು ಹೋದದ್ದು ಆರಾಮಾಗಿ ಅಲ್ಲ. ನರ ಸತ್ತು.

ನಾನು ಬಿ.ಕಾಂ. ಓದಿದವ, ಡಾಕ್ಟರ್ ಅಲ್ಲ. ಈ ಕಂತಿಗಾಗಿ ಒಬ್ಬ ಎಲುಬು-ಕೀಲು ಡಾಕ್ಟರ್ ಮುಂದೆ ಕೂತು, ಹಾಳೆ ಮೇಲೆ ಚಿತ್ರ ಬರೆಸಿಕೊಂಡು ಅರ್ಥ ಮಾಡಿಕೊಂಡೆ. ಮೊಣಕೈಯಿಂದ ಕೆಳಗೆ ನಮ್ಮ ಸ್ನಾಯುಗಳು ಬಿಡಿಬಿಡಿ ಇಲ್ಲ. ಗಟ್ಟಿ ಪೊರೆಯ ಚೀಲಗಳೊಳಗೆ ತುಂಬಿಕೊಂಡಿವೆ. ಆ ಪೊರೆ ಹಿಗ್ಗೋದಿಲ್ಲ. ಎಲುಬು ಮುರಿದಾಗ ಒಳಗೆ ರಕ್ತ ಸೋರ್ತದೆ, ಬಾವು ಬರ್ತದೆ, ಚೀಲದೊಳಗೆ ಒತ್ತಡ ಏರ್ತದೆ. ಸಣ್ಣ ರಕ್ತನಾಳಗಳಲ್ಲಿರುವ ಒತ್ತಡಕ್ಕಿಂತ ಇದು ಹೆಚ್ಚಾಯ್ತು ಅಂದ್ರೆ ಸ್ನಾಯುವಿಗೆ ರಕ್ತ ನಿಲ್ತದೆ. ಆರು ತಾಸಿನ ಆಜುಬಾಜು ಸ್ನಾಯು ಸಾಯೋಕೆ ಶುರು. ಇದಕ್ಕೆ ಈಗಿನ ಹೆಸರು ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಇಂಥ ಕೈಗೆ ಹೊರಗಿನಿಂದ ಬಿಗಿ ಕಟ್ಟು ಬಿತ್ತು ಅಂದ್ರೆ, ಊದಲಿಕ್ಕೆ ಇದ್ದ ಕಡೇ ಜಾಗವೂ ಹೋಯ್ತು. ಸತ್ತ ಸ್ನಾಯು ಕೆಲವು ವಾರಗಳಲ್ಲಿ ಒಣಗಿದ ಚರ್ಮದ ಹಂಗೆ ಕುಗ್ಗಿ ಬೆರಳನ್ನ ಎಳಕೊಳ್ತದೆ. ಎಲುಬು ಮಾತ್ರ ಕೂಡಿರ್ತದೆ. ಆಯಿಯ ಎಲುಬೂ ಕೂಡಿತ್ತು!

ಇದನ್ನ 1881ರಲ್ಲಿ ಸ್ಪಷ್ಟವಾಗಿ ಬರೆದಿಟ್ಟವನು ಜರ್ಮನಿಯ ಹಾಲೆ ಊರಿನ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್. ಅವತ್ತಿನವರೆಗೆ ಈ ಸೊಟ್ಟ ಕೈಗೆ ನರದ ಪೆಟ್ಟೇ ಕಾರಣ ಅಂತ ನಂಬಿಕೆ. ಇವನು, ಅಲ್ಲ, ಬಿಗಿ ಪಟ್ಟಿ ಕಟ್ಟಿ ರಕ್ತ ತಡೆದದ್ದು ಕಾರಣ ಅಂದ. ಗಮನಿಸ್ರಿ, ಇವನು ಹಳ್ಳಿಯ ಎಲುಬು ಕಟ್ಟುವವರನ್ನ ಬೈಯುತ್ತಿರಲಿಲ್ಲ. ಆಸ್ಪತ್ರೆಯ ಪಟ್ಟಿಗಳ ಬಗ್ಗೆಯೇ ಹೇಳುತ್ತಿದ್ದ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿದ ಪಟ್ಟಿಯನ್ನ ಡಚ್ ಸೇನಾ ವೈದ್ಯ ಮಾಥೈಸನ್ ಬಳಕೆಗೆ ತಂದು ಆಗ 30 ವರ್ಷ ಆಗಿತ್ತು. ಗಟ್ಟಿ ಕಟ್ಟು ಆಸ್ಪತ್ರೆಯಲ್ಲೂ ಕೈಗಳನ್ನ ತಿನ್ನುತ್ತಿತ್ತು. ಈ ಫೋಕ್‌ಮನ್ ಬೇರೆ ಹೆಸರಿನಲ್ಲಿ ಮಕ್ಕಳ ಕಥೆಗಳನ್ನೂ ಬರೆದವನು. ಫ್ರಾನ್ಸ್ ಜೊತೆಗಿನ ಯುದ್ಧದ ಶಿಬಿರದಲ್ಲಿ ಕೂತು ಬರೆದ ಕಥೆಗಳು. ಕಥೆಗಾರನ ಕಣ್ಣೇ ಕೈಗಳನ್ನೂ ನೋಡಿತೋ ಏನೋ, ಇದು ನನ್ನ ಊಹೆ.

ಇನ್ನೂ ಹಿಂದಕ್ಕೆ ಹೋಗೋಣ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂರನೇ ಅಧ್ಯಾಯ ಪೂರ್ತಿ ಮುರಿದ ಎಲುಬಿನ ಮೇಲಿದೆ. ಅತ್ತಿ, ಅಶ್ವತ್ಥ, ಮುತ್ತುಗ, ಮತ್ತಿ ಜಾತಿಯ ಮರಗಳ ತೊಗಟೆ, ಬಿದಿರು, ಇವುಗಳ ದಬ್ಬೆ ಇಟ್ಟು ಕಟ್ಟು ಅಂತದೆ. ಆಮೇಲೆ ಕಟ್ಟಿನ ಬಗ್ಗೆ ಹೇಳ್ತದೆ: ಸಡಿಲ ಕಟ್ಟಿದ್ರೆ ಕೀಲು ನಿಲ್ಲೋದಿಲ್ಲ, ಬಿಗಿ ಕಟ್ಟಿದ್ರೆ ಚರ್ಮಕ್ಕೆ ಬಾವು, ನೋವು, ಕೀವು. ಹಾಗಾಗಿ ಮಧ್ಯಮ ಕಟ್ಟು. ಅಷ್ಟಕ್ಕೇ ಬಿಡೋದಿಲ್ಲ. ಕಟ್ಟನ್ನ ಬಿಚ್ಚಿ ಕಟ್ಟಲಿಕ್ಕೂ ದಿನ ಗೊತ್ತು ಮಾಡಿದೆ. ಚಳಿಯ ಕಾಲಕ್ಕೆ ಏಳು ದಿನಕ್ಕೊಮ್ಮೆ, ಸಾಧಾರಣ ಕಾಲಕ್ಕೆ ಐದು, ಬ್ಯಾಸಗಿಗೆ ಮೂರು. ಆಯಿ ಬಿದ್ದದ್ದು ವೈಶಾಖದಲ್ಲಿ. ಅವಳ ಕಟ್ಟು ಬಿಚ್ಚಿದ್ದು ಹನ್ನೊಂದನೇ ದಿನ. ಮೂರು ದಿನಕ್ಕೆ ಬಿಚ್ಚಿದ್ದರೂ ತಡವೇ ಆಗ್ತಿತ್ತು, ಅದು ಬೇರೆ ಮಾತು. ಆದ್ರೆ ಬಿಗಿ ಕಟ್ಟು ಕೆಡುಕು ಅನ್ನೋ ಎಚ್ಚರ ಪುಸ್ತಕದಲ್ಲಿತ್ತು, ಬಿದಿರು ಕಟ್ಟುವ ಕೈಗೆ ದಾಟಲಿಲ್ಲ. ದಬ್ಬೆ ಬಂತು, ಅದರ ಜೊತೆಗಿದ್ದ ಷರತ್ತು ಬರಲಿಲ್ಲ.

"ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?" ಅಂತ ಕೇಳೋದು ಸುಲಭ. ಎಲ್ಲಿಗೆ ಒಯ್ಯಬೇಕಿತ್ತು? ಧಾರವಾಡ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಕಡೆಯವರಿಗೆ ದೊಡ್ಡ ಆಪರೇಷನ್ ಅಂದ್ರೆ ಮಿರಜ್. ವಿಲಿಯಂ ವಾನ್ಲೆಸ್ ಅನ್ನುವ ಮಿಷನ್ ಡಾಕ್ಟರ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಿದ್ದ, ಧಾರವಾಡದಿಂದ ಬೆಳಗಾವಿ ಮೇಲೆ ರೈಲಿತ್ತು. ಗಡಿ ಬದಲಾದ ಮೇಲೂ ನಮ್ಮ ಹಿರಿಯರ ಬಾಯಲ್ಲಿ "ಮಿರಜಕ್ಕ ಒಯ್ದ್ರು" ಅಂದ್ರೆ ಕೇಸು ಗಂಭೀರ ಅಂತಲೇ ಅರ್ಥ. ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ. ನಾವೆಲ್ಲ ಕಿಮ್ಸ್ ಅಂತ ಕರೆದದ್ದು ಅದನ್ನೇ. ಅಂದ್ರೆ ಆಯಿ ಗಿಡದಿಂದ ಬಿದ್ದ ಆಸುಪಾಸಿನಲ್ಲೇ ಆ ಕಾಲೇಜು ಹುಟ್ಟುತ್ತಿತ್ತು. ಎಲುಬನ್ನ ಕೊಯ್ಯದೆ ನೋಡುವ ಎಕ್ಸ್-ರೇಯನ್ನ ರೋಂಟ್‌ಗನ್ 1895ರ ನವೆಂಬರ್‌ನಲ್ಲೇ ಕಂಡುಹಿಡಿದಿದ್ದ. ಗರಗದ ಒಬ್ಬ ರೈತನ ಮಗಳಿಗೆ 62 ವರ್ಷ ಆದ್ರೂ ಅದು ಎತ್ತಿನ ಗಾಡಿ ಮುಟ್ಟದಷ್ಟು ದೂರ ಇತ್ತು.

ಹಂಗಂತ ಎಲುಬು ಕಟ್ಟುವವರನ್ನ ಪೂರ್ತಿ ಖಳನಾಯಕರನ್ನಾಗಿ ಮಾಡಲಿಕ್ಕೆ ನನಗೆ ಮನಸ್ಸಿಲ್ಲ. ನಮ್ಮ ಕಡೆ ಗರಡಿಮನೆ ವಸ್ತಾದರು ಜಾರಿದ ಭುಜವನ್ನ ಕೂಡಿಸಿದ್ದನ್ನ ಕಣ್ಣಾರೆ ಕಂಡವರಿದ್ದಾರೆ. ಮತ್ತು ಈಗಿನ ಎಲುಬು-ಕೀಲು ವೈದ್ಯದ ಒಂದು ಬೇರು ಅಂಥದೇ ಮನೆಯಲ್ಲಿದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಇವಾನ್ ಥಾಮಸ್ ಅಂತ ಒಬ್ಬ ಇದ್ದ. ಓದಿದವನಲ್ಲ, ವೇಲ್ಸ್ ಕಡೆಯ ಎಲುಬು ಕಟ್ಟುವ ಮನೆತನದವನು. ಡಾಕ್ಟರುಗಳು ಅವನನ್ನ ಮತ್ತೆ ಮತ್ತೆ ಕೋರ್ಟಿಗೆ ಎಳೆದರು. ಅವನು ಸಿಟ್ಟಿಗೇಳಲಿಲ್ಲ, ಐದೂ ಗಂಡುಮಕ್ಕಳನ್ನ ಡಾಕ್ಟರ್ ಮಾಡಿದ! ಹಿರಿಯ ಮಗ ಹ್ಯೂ ಓವೆನ್ ಥಾಮಸ್ ಮಾಡಿದ ಕಬ್ಬಿಣದ ಚೌಕಟ್ಟು ಇವತ್ತಿಗೂ ಆಂಬುಲೆನ್ಸ್‌ಗಳಲ್ಲಿ ಥಾಮಸ್ ಸ್ಪ್ಲಿಂಟ್ ಅನ್ನೋ ಹೆಸರಿನಲ್ಲಿ ಸಿಗ್ತದೆ. ತೊಡೆ ಎಲುಬು ಮುರಿದ್ರೆ ಒಳಗೇ ಒಂದು ಲೀಟರಿಗೂ ಹೆಚ್ಚು ರಕ್ತ ಸೋರಬಹುದು. ಕಾಲನ್ನ ಎಳೆದು ನೆಟ್ಟಗೆ ಹಿಡಿದ್ರೆ ಸೋರಿಕೆ ತಗ್ಗುತ್ತದೆ. ಮೊದಲ ಮಹಾಯುದ್ಧದಲ್ಲಿ ಅವನ ಶಿಷ್ಯ ರಾಬರ್ಟ್ ಜೋನ್ಸ್ ಇದನ್ನ ಸೇನೆಗೆ ಒಯ್ದ. ತೊಡೆಗೆ ಗುಂಡು ತಗುಲಿ ಎಲುಬು ಮುರಿದವರಲ್ಲಿ ಮೊದಲು ನೂರಕ್ಕೆ 80 ಜನ ಸಾಯ್ತಿದ್ದರು, 1917ರಲ್ಲಿ ಅರಾಸ್ ಕದನದ ಹೊತ್ತಿಗೆ ನೂರಕ್ಕೆ 16ಕ್ಕೆ ಇಳಿಯಿತು ಅನ್ನೋದು ಆಗಿನ ಸೇನಾ ವೈದ್ಯರ ಲೆಕ್ಕ. ಆ 80ರ ಅಂಕಿಯನ್ನ ಈಗಿನ ಇತಿಹಾಸಕಾರರು ಅನುಮಾನದಿಂದ ನೋಡ್ತಾರೆ. ಇಳಿದದ್ದು ಮಾತ್ರ ಸುಳ್ಳಲ್ಲ.

ಹಂಗಾದ್ರೆ ಹಳ್ಳಿಯಲ್ಲಿ ಎಲುಬು ಕಟ್ಟುವವರ ಹೆಸರು ಇನ್ನೂ ಯಾಕೆ ಕೆಟ್ಟಿಲ್ಲ? ಇಲ್ಲಿ ನನ್ನ ಬಿ.ಕಾಂ. ಸ್ವಲ್ಪ ಕೆಲಸಕ್ಕೆ ಬರ್ತದೆ. ಅವರ ಖಾತೆಯಲ್ಲಿ ಜಮಾ ಒಂದೇ ಬರೆಯೋದು, ಖರ್ಚಿನ ಕಡೆ ಖಾಲಿ. ಪಕ್ಕೆಲುಬು, ಕೊರಳೆಲುಬು, ಸರಿಯದ ಸಣ್ಣ ಬಿರುಕು, ಇವೆಲ್ಲ ಯಾರು ಕಟ್ಟಿದ್ರೂ, ಬಹಳ ಸಲ ಕಟ್ಟದಿದ್ರೂ ಕೂಡ್ತವೆ. ಅವರೆಲ್ಲ ಊರಿಗೆ ಬಂದು ಹೊಗಳ್ತಾರೆ. ಕೈ ಸೊಟ್ಟ ಆದವರು ಹಣೆಬರಹ ಅಂತಾರೆ. ನಮ್ಮ ಮುತ್ತಜ್ಜ ಕಡೆವರೆಗೂ ಕಟ್ಟಿದವರ ಮೇಲೆ ಒಂದು ಮಾತು ಆಡಲಿಲ್ಲವಂತೆ. ಆಸ್ಪತ್ರೆ ಅಂದ್ರೆ ಕೊಯ್ತಾರೆ, ಬಿಲ್ ಮಾಡ್ತಾರೆ ಅನ್ನೋ ಹೆದರಿಕೆ ಬೇರೆ. ಆ ಹೆದರಿಕೆಯೂ ಸುಮ್ಮನೆ ಹುಟ್ಟಿದ್ದಲ್ಲ ಬಿಡ್ರಿ.

ಒತ್ತಡದ ಮಾತಿಗೆ ಮತ್ತೆ ಬರ್ತೇನೆ, ಯಾಕಂದ್ರೆ ಧಾರವಾಡ ಅದನ್ನ ಬೇರೆ ರೂಪದಲ್ಲಿ ಕಂಡಿದೆ. 2019ರ ಮಾರ್ಚ್ 19, ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. 19 ಜನ ಸತ್ತರು. ನಾಲ್ಕನೇ ದಿನವೂ ಜೀವಂತ ಜನರನ್ನ ಹೊರಗೆ ತೆಗೆದರು. ಆಗ ನಾವು ಟಿವಿ ಮುಂದೆ ಕೂತು, ಕಲ್ಲು ಎತ್ತಲಿಕ್ಕೆ ಇಷ್ಟು ಹೊತ್ತು ಯಾಕೆ ಅಂತ ಒದ್ದಾಡಿದ್ದು ನೆನಪಿದೆ. ಅವಸರದಲ್ಲಿ ಎತ್ತಬಾರದು ಅನ್ನೋದಕ್ಕೆ ವೈದ್ಯಕೀಯ ಕಾರಣವೂ ಇದೆ ಅಂತ ಗೊತ್ತಿರಲಿಲ್ಲ. 1941ರಲ್ಲಿ, ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ, ಬೈವಾಟರ್ಸ್ ಅನ್ನುವ ವೈದ್ಯ ನಾಲ್ಕು ಕೇಸುಗಳನ್ನ ಬರೆದ. ಅವಶೇಷದಡಿ ಕಾಲು ಸಿಕ್ಕಿಕೊಂಡಿದ್ದವರು ಹೊರಬಂದಾಗ ಚೆನ್ನಾಗಿ ಮಾತಾಡ್ತಿದ್ದರು. ಆಮೇಲೆ ಕಾಲು ಊದಿತು, ಮೂತ್ರ ಕಂದಾಯ್ತು, ಕೆಲವು ದಿನದಲ್ಲಿ ಮೂತ್ರಪಿಂಡ ಸೋತು ಸತ್ತರು. ಅಮುಕಿ ಸತ್ತ ಸ್ನಾಯುವಿನ ವಿಷ, ಭಾರ ಎತ್ತಿದ ಕೂಡಲೇ ರಕ್ತದಲ್ಲಿ ಸೇರಿ ಮೈಯೆಲ್ಲ ಹರಡ್ತದೆ. ಅದಕ್ಕೇ ಈಗಿನ ಪದ್ಧತಿಯಲ್ಲಿ, ಸಾಧ್ಯ ಇದ್ರೆ, ಕಲ್ಲು ಎತ್ತುವ ಮೊದಲೇ ಆ ಮನುಷ್ಯನಿಗೆ ಸಲೈನ್ ಹಚ್ಚಬೇಕು. ಆಯಿಯ ಕೈಯಲ್ಲಿ ಆದದ್ದೇ, ದೊಡ್ಡ ಪ್ರಮಾಣದಲ್ಲಿ.

ಈಗ ಮೊಣಕೈ ಮೇಲೆ ಮುರಿದ ಮಗು ಬಂದ್ರೆ ಒಳ್ಳೆ ಡಾಕ್ಟರ್ ಮೊದಲು ಎಕ್ಸ್-ರೇ ನೋಡೋದಿಲ್ಲ. ಮಣಿಕಟ್ಟಿನ ನಾಡಿ ಹಿಡೀತಾರೆ, ಉಗುರು ಒತ್ತಿ ಬಣ್ಣ ಎಷ್ಟು ಬೇಗ ಮರಳ್ತದೆ ನೋಡ್ತಾರೆ, ಬೆರಳನ್ನ ಮೆಲ್ಲಗೆ ನೆಟ್ಟಗೆ ಮಾಡಿ ಮುಖ ನೋಡ್ತಾರೆ. ಮುರಿದ ಜಾಗದಲ್ಲಿ ನೋವು ಸಹಜ. ಬೆರಳು ಬಿಡಿಸಿದ್ರೆ ಮುಂಗೈಯಲ್ಲಿ ಜೀವ ಹೋಗೋ ನೋವು ಬಂದ್ರೆ ಅದು ಗಂಟೆ ಹೊಡೆದಂಗೆ. ಎಲುಬು ಸರಿದಿದ್ರೆ ಅರಿವಳಿಕೆ ಕೊಟ್ಟು, ಸಿ-ಆರ್ಮ್ ಪರದೆಯ ಮೇಲೆ ನೋಡ್ತಾ ಕೂಡಿಸಿ, ಚರ್ಮದ ಮೇಲಿಂದಲೇ ಎರಡು ಮೂರು ತೆಳು ತಂತಿ ತೂರಿಸ್ತಾರೆ. ಕಿರ್ಶ್‌ನರ್ ಅನ್ನುವ ಜರ್ಮನ್ ಶಸ್ತ್ರವೈದ್ಯನ ಹೆಸರಿನ ತಂತಿ, 1909ರದ್ದು. ಮೂರು ನಾಲ್ಕು ವಾರಕ್ಕೆ ಹೊರಗೆ ಎಳೆದ್ರೆ ಮುಗೀತು. ಒತ್ತಡ ಏರಿಬಿಟ್ಟಿದ್ರೆ ಮಾತ್ರ ಮುಂಗೈ ಉದ್ದಕ್ಕೆ ಕೊಯ್ದು ಆ ಪೊರೆಯನ್ನ ಬಿಚ್ಚಬೇಕು, ಗಾಯವನ್ನ ಕೆಲವು ದಿನ ಹಂಗೇ ತೆರೆದು ಬಿಡಬೇಕು.

ಈ ಬ್ಯಾಸಗಿಯಲ್ಲಿ ನಮ್ಮ ಓಣಿಯ ಒಬ್ಬ ಹುಡುಗ ಗಿಡದಿಂದ ಬಿದ್ದ. ಅದೇ ಮಾವು, ಅದೇ ಕೈ ಊರಿ ಬೀಳೋದು. ಮನೆಯವರು ಎಲುಬು ಕಟ್ಟುವವರಿಗೆ ಫೋನ್ ಹಚ್ಚುತ್ತಿದ್ದರು. ಆಯಿ ಕೋಲು ಊರಿಕೊಂಡು ಹೋಗಿ, ಹುಡುಗನ ಬೆರಳು ಮುಟ್ಟಿ ನೋಡಿ, "ಬಟ್ಟು ತಣ್ಣಗದಾವ, ಗಾಡಿ ತಗೀರಿ" ಅಂದಳು. ಯಾರೋ ಮಾತಾಡಲಿಕ್ಕೆ ಹೋದಾಗ ತನ್ನ ಎಡಗೈ ಎತ್ತಿ ತೋರಿಸಿದಳು. ಅಷ್ಟೇ. ನಾನೇ ಕಾರು ಓಡಿಸಿದೆ, ಆಯಿ ಮುಂದೆ ಕೂತಳು. ಅವತ್ತು ರಾತ್ರಿಯೇ ತಂತಿ ಹಾಕಿದರು.

ಮರುದಿನ ವಾರ್ಡಿನಲ್ಲಿ ಹುಡುಗನ ಕೈ ನೋಡಿ ಆಯಿಗೆ ಅಸಮಾಧಾನ. "ಅರ್ಧಾನ ಕಟ್ಯಾರಲ್ಲೋ, ರೊಕ್ಕ ಪೂರ್ತಿ ತಗೊಂಡು!" ಪ್ಲಾಸ್ಟರ್ ಹಿಂದಿನ ಅರ್ಧಕ್ಕೆ ಮಾತ್ರ ಇತ್ತು, ಮುಂದೆ ಬರೀ ಹತ್ತಿ ಮತ್ತು ಪಟ್ಟಿ. ಕೈ ಊದಿದ್ರೆ ಜಾಗ ಬೇಕು ಅಂತ ಬೇಕಂತಲೇ ಹಂಗೆ ಬಿಟ್ಟಿದ್ದಾರೆ ಅಂತ ಹೇಳಿದೆ. ಆಯಿ ಏನೂ ಅನ್ನಲಿಲ್ಲ. ಬಲಗೈಯ ಒಂದು ಬೆರಳನ್ನ ಪಟ್ಟಿಯ ಸಂದಿಯೊಳಗೆ ಮೆಲ್ಲಗೆ ತೂರಿಸಿದಳು. ಹೋಯಿತು. ಸುಮಾರು ಹೊತ್ತು ಹಂಗೇ ಇಟ್ಟುಕೊಂಡು ಕೂತಳು.