ಮೆಡೋಸ್ ಟೇಲರನೂ ಸುರಪುರವೂ

ಕೋಠಿಯಲ್ಲಿ ಇಂದು ಮಹಿಳಾ ವಿಶ್ವವಿದ್ಯಾನಿಲಯವಿರುವ ಭವ್ಯ ಸೌಧವು ಹಿಂದೆ ಬ್ರಿಟಿಷ್ ರೆಸಿಡೆಂಟನ ನಿವಾಸವಾಗಿದ್ದಿತು. ಅದನ್ನು ಕಟ್ಟಿಸಿದ ಕರ್ಕ್‌ಪ್ಯಾಟ್ರಿಕ್‌ನ ಪ್ರಣಯಕಥೆ ಲೋಕಪ್ರಸಿದ್ಧ. ಕನ್ನಡಿಗರಿಗೆ ಹೆಚ್ಚು ಸಮೀಪವಾದ ಇನ್ನೊಂದು ಕಥೆಗೂ ಈ ಸೌಧ ಸಾಕ್ಷಿಯಾಗಿದೆ. ಅದು ಕಾದಂಬರಿಕಾರ ಮೆಡೋಸ್ ಟೇಲರನದು.

1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಟೇಲರನು 1824ರಲ್ಲಿ, ಇನ್ನೂ ಬಾಲಕನಾಗಿರುವಾಗಲೇ, ಮುಂಬಯಿಗೆ ಬಂದನು. ನಂಬಿದ್ದ ವ್ಯಾಪಾರಿಯ ಆಸರೆ ತಪ್ಪಲು ನಿಜಾಮನ ಸೇವೆಗೆ ಸೇರಿದನು. ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳನ್ನು ವರಿಸಿದನು. 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಅವನಿಗೆ ಕೀರ್ತಿ ತಂದಿತು. ಅದರಲ್ಲಿ ಅಮೀರ್ ಅಲಿಯೆಂಬ ಥಗ್ಗನು ತನ್ನ ಕೃತ್ಯಗಳನ್ನು ತನ್ನ ಬಾಯಿಂದಲೇ ನಿರೂಪಿಸುತ್ತಾನೆ. ಅಪರಾಧಿಗೆ ಅವನದೇ ದನಿಯನ್ನು ಕೊಟ್ಟುದೇ ಆ ಕೃತಿಯ ಹಿರಿಮೆ.

1841ರಲ್ಲಿ ಟೇಲರನು ಸುರಪುರಕ್ಕೆ ಬಂದನು. ಬೇಡ ನಾಯಕರ ಆ ಸಂಸ್ಥಾನದ ದೊರೆ ವೆಂಕಟಪ್ಪ ನಾಯಕನು ಆಗಿನ್ನೂ ಬಾಲಕ. 1853ರವರೆಗೆ ಆಡಳಿತದ ಹೊಣೆ ಟೇಲರನ ಮೇಲಿದ್ದಿತು. ಬಾಲದೊರೆ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಸುರಪುರದ ‘ಟೇಲರ್ ಮಂಜಿಲ್’ ಆ ಕಾಲದ ಕುರುಹು. ಸುತ್ತಲಿನ ಬೃಹತ್ ಶಿಲಾ ಸಮಾಧಿಗಳನ್ನು ಶೋಧಿಸಿದ ಕೀರ್ತಿಯೂ ಅವನದೇ.

1858ರಲ್ಲಿ ವೆಂಕಟಪ್ಪ ನಾಯಕನು ಬಂಡೆದ್ದು, ಸೋತು, ಹೈದರಾಬಾದಿನಲ್ಲಿ ಸೆರೆಯಾದನು. ಟೇಲರನು ಸೆರೆಯಲ್ಲಿಯೇ ಅವನನ್ನು ಕಂಡನು. ಮರಣದಂಡನೆಯನ್ನು ರೆಸಿಡೆಂಟ್ ಡೇವಿಡ್‌ಸನ್ ಜೀವಾವಧಿ ಗಡೀಪಾರಿಗೂ, ಗವರ್ನರ್ ಜನರಲನು ನಾಲ್ಕು ವರ್ಷಗಳ ಸೆರೆಗೂ ಇಳಿಸಿದರು. ಚೆಂಗಲ್ಪಟ್ಟಿಗೆ ಒಯ್ಯುತ್ತಿರುವಾಗ ದೊರೆಯು ಗುಂಡಿನಿಂದ ಮಡಿದನು. ಅದು ಆತ್ಮಹತ್ಯೆಯಲ್ಲ, ಆಕಸ್ಮಿಕವೆಂದು ಟೇಲರನು ಬರೆದಿದ್ದಾನೆ. ದೊರೆಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವೆಂದು ಜ್ಯೋತಿಷಿಗಳು ಮೊದಲೇ ನುಡಿದಿದ್ದರೆಂಬ ಮಾತನ್ನೂ ಅದರೊಡನೆ ಹೆಣೆದಿದ್ದಾನೆ.

ಮುಂದೆ ಟೇಲರನು ‘ತಾರಾ’, ‘ಸೀತಾ’ ಮೊದಲಾದ ಚಾರಿತ್ರಿಕ ಕಾದಂಬರಿಗಳನ್ನು ರಚಿಸಿದನು. ಬಿಜಾಪುರವೂ ಚಾಂದಬೀಬಿಯೂ ಅವನ ಕಥಾವಸ್ತುಗಳಾದವು. ಸುರಪುರದ ದುರಂತ ಆಗಲಿಲ್ಲ. ಅದು ದೊರೆತಿರುವುದು 1877ರಲ್ಲಿ, ಅವನ ಮರಣಾನಂತರ ಬೆಳಕು ಕಂಡ ಆತ್ಮಕಥೆಯಲ್ಲಿ. ಅಲ್ಲಿ ವೆಂಕಟಪ್ಪನು ಆಡುವ ಮಾತೆಲ್ಲವೂ ಟೇಲರನ ಲೇಖನಿಯಿಂದ ಬಂದುದು. ಕೊಲೆಗಾರ ಥಗ್ಗನಿಗೆ ಗ್ರಂಥವೊಂದನ್ನೇ ಮೀಸಲಿಟ್ಟವನು, ತನ್ನನ್ನು ಅಪ್ಪನೆಂದವನ ಪಾಲಿಗೆ ಕೆಲವು ಪುಟಗಳನ್ನಷ್ಟೇ ಉಳಿಸಿದನು.

ಟೇಲರನ ವಾತ್ಸಲ್ಯವನ್ನು ಶಂಕಿಸಬೇಕಾಗಿಲ್ಲ. ಆದರೆ ಭವಿಷ್ಯವಾಣಿಯಿಂದ ಆರಂಭಿಸಿ ಮರಣದಲ್ಲಿ ಮುಗಿಸುವ ಆ ಹೆಣಿಗೆ ಕಾದಂಬರಿಕಾರನದೆಂಬುದನ್ನು ಚರಿತ್ರಕಾರನು ಮರೆಯಲಾಗದು. ವಿಧಿಯ ಮೇಲೆ ಭಾರ ಹೊರಿಸಿದರೆ, ಕೋಠಿಯ ಸೌಧದಿಂದ ನಡೆದ ರಾಜಕಾರಣದ ಹೊಣೆ ಹಗುರವಾಗುತ್ತದೆ. 1860ರಲ್ಲಿ ಸುರಪುರವು ನಿಜಾಮನಿಗೆ ಸಂದಿತು. ದೊರೆಯ ಸ್ವಂತ ದನಿಯನ್ನು ಅರಸುವ ಕೆಲಸ ಕನ್ನಡಿಗರಿಗೆ ಉಳಿಯಿತು.