ಸೆಂಟಿನಗಲದ ಎಂಜಿನ್, ಬೆಂಗಳೂರಿನ ವಿಮಾನ

ಈ ಚಳಿಗಾಲದಲ್ಲಿ ಹ್ಯಾರಿಸನ್ನಿನ ನಮ್ಮ ಊಟದ ಮೇಜಿನ ಮೇಲೆ ಒಂದು ಕರ್ಟಿಸ್ ಹಾಕ್ ಯುದ್ಧವಿಮಾನ ತಯಾರಾಯಿತು. 1/72 ಅಳತೆಯ ಪ್ಲಾಸ್ಟಿಕ್ ಕಿಟ್. ರೆಕ್ಕೆಯ ತುದಿಯಿಂದ ತುದಿಗೆ 16 ಸೆಂಟಿಮೀಟರ್. ಸೈಕ್ಲೋನ್ ಎಂಜಿನ್ ಒಂದು ಸೆಂಟಿನ ನಾಣ್ಯದಷ್ಟೇ ಅಗಲ. ಅದರ ಒಂಬತ್ತು ಸಿಲಿಂಡರುಗಳಿಗೆ ಕಪ್ಪು ಬಳಿದು, ಆರಿದ ಮೇಲೆ ಒಣಕುಂಚದಲ್ಲಿ ಬೆಳ್ಳಿಬಣ್ಣ ಸವರುವುದಕ್ಕೇ ಎರಡು ಸಂಜೆ ಹೋದವು.

ಆ ಎಂಜಿನ್ ತಯಾರಿಸುತ್ತಿದ್ದ ರೈಟ್ ಕಂಪನಿ ಇದ್ದದ್ದು ಪ್ಯಾಟರ್ಸನ್ನಿನಲ್ಲಿ. ಅಲ್ಲಿಂದ ಇಳಿದುಬರುವ ಪಸೇಯಿಕ್ ನದಿಯೇ ನಮ್ಮೂರನ್ನೂ ಬಳಸಿ ಹೋಗುತ್ತದೆ. ಆದರೆ ಈ ವಿಮಾನವನ್ನು ನಮ್ಮ ಬೆಂಗಳೂರಿನಲ್ಲೂ ಜೋಡಿಸಿದ್ದರು! 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಆರಂಭಿಸಿದರು. 1941ರಲ್ಲಿ ಹಾರ್ಲೋ ತರಬೇತಿ ವಿಮಾನ ಹಾರಿತು, 1942ರ ಜುಲೈನಲ್ಲಿ ಚೀನಾಕ್ಕೆಂದು ಕಟ್ಟಿದ ಹಾಕ್. ಅಷ್ಟರಲ್ಲಿ ಯುದ್ಧ ಹೊಸ್ತಿಲಿಗೇ ಬಂದಿತ್ತು. ಆ ಏಪ್ರಿಲಿನಲ್ಲೇ ವಿಶಾಖಪಟ್ಟಣದ ಮೇಲೆ ಜಪಾನೀ ಬಾಂಬು ಬಿದ್ದಿತ್ತು. ಸರ್ಕಾರ ವಾಲಚಂದರ ಪಾಲನ್ನು ಕೊಂಡಿತು. ಕಾರ್ಖಾನೆ ಕಟ್ಟುವುದನ್ನು ಬಿಟ್ಟು ದುರಸ್ತಿಗೆ ನಿಂತಿತು. ಬೆಳ್ಳಂದೂರು ಕೆರೆಗೆ ಕ್ಯಾಟಲೀನಾ ನೀರುವಿಮಾನಗಳು ಬಂದಿಳಿದವು. ಬೆಂಗಳೂರಿನ ಹಾಕ್‌ಗಳು ಬೆರಳೆಣಿಕೆಗೇ ಮುಗಿದವು.

ಕಿಟ್ಟಿನಲ್ಲಿ ಫ್ರೆಂಚ್, ಬ್ರಿಟಿಷ್ ಗುರುತುಗಳ ಅಂಟುಚಿತ್ರಗಳಿವೆ, ಬೆಂಗಳೂರಿನದಿಲ್ಲ. "ಬ್ರಿಟಿಷರದ್ದೇ ಅಂಟಿಸೋಣ, ಮೊಹಾಕ್ ಅಂತ ಬರ್ಮಾ ಗಡಿಯಲ್ಲಿ ಹಾರಿದ್ದು ಇದೇ ಅಲ್ಲವೇ?" ಎಂದರು ನಮ್ಮಲ್ಲೊಬ್ಬರು. ನಿಜ, ಆದರೆ ಆ ಮೊಹಾಕ್‌ಗಳಲ್ಲಿ ಬಹುಪಾಲು ಫ್ರಾನ್ಸಿಗೆಂದು ಅಮೆರಿಕದಲ್ಲಿ ಕಟ್ಟಿದವು. ಎರಡು ವಾರ ಚರ್ಚಿಸಿ (ಕನ್ನಡಿಗರಲ್ಲವೇ!) ಅಂಟುಚಿತ್ರಗಳನ್ನು ಪೆಟ್ಟಿಗೆಯಲ್ಲೇ ಉಳಿಸಿದೆವು. ನಮ್ಮ ಹಾಕ್ ಪ್ರೈಮರಿನ ಬೂದುಬಣ್ಣದಲ್ಲೇ, ಯಾವ ಗುರುತೂ ಇಲ್ಲದೆ, ಪುಸ್ತಕದ ಕಪಾಟಿನ ಮೇಲೆ ನಿಂತಿದೆ.